ತುಪ್ಪದಂತೆ ಹರಿದ ಬೆಸುಗೆ

ಮಾತು ಕಳೆದುಕೊಂಡವರ ಕೊರಳಿಗೆ ಒಂದು ಪಟ್ಟಿ ಕಟ್ಟುತ್ತಾರೆ. ಪಟ್ಟಿಯೊಳಗೆ ಉಗುರಿನಗಲದ ಒಂದು ಹಲಗೆ, ಹಲಗೆಯ ಮೇಲೆ ಸಾಸಿವೆ ಕಾಳಿನಷ್ಟು ಜೀವ. ಪುಸ್ತಕಗಳಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ. ರಾಣೇಬೆನ್ನೂರಿನ ನಮ್ಮ ಬೆಸುಗೆ ಮನೆಯಲ್ಲಿ ನಾವು ಅದನ್ನು ನರಬೀಜ ಎನ್ನುತ್ತೇವೆ. ರೋಗಿಯ ತೋಳಿನಿಂದ ಚರ್ಮದ ಚೂರೊಂದನ್ನು ತೆಗೆದು, ಅದನ್ನು ನರದ ಜೀವಕೋಶಗಳಾಗಿ ಬೆಳೆಸಿ, ಚಿನ್ನದ ಪುಟ್ಟ ತಟ್ಟೆಯ ಮೇಲೆ ಕೂರಿಸಿ ಕಳಿಸುತ್ತಾರೆ.

ಹುಟ್ಟಿದ ಬೀಜಕ್ಕೆ ಏನೂ ಗೊತ್ತಿರುವುದಿಲ್ಲ. ಗಂಟಲು ಹೋದವರು ತುಟಿ, ನಾಲಿಗೆ ಆಡಿಸಿದಾಗ ಕೊರಳಿನ ಸ್ನಾಯು ಸಣ್ಣಗೆ ಮಿಡಿಯುತ್ತದಲ್ಲ, ಆ ಮಿಡಿತ 'ನೀರು' ಎಂಬುದರದೋ 'ನೂಲು' ಎಂಬುದರದೋ ಎಂದು ಅದು ದಿನವೂ ಕಲಿಯಬೇಕು. ಎದುರಿಗೆ ಒಬ್ಬರು ಕೂತು ಪದ ಓದಬೇಕು, ರೋಗಿ ದನಿಯಿಲ್ಲದ ಬಾಯಲ್ಲಿ ಅದನ್ನೇ ಆಡಬೇಕು. ಎಳೆಯರದಾದರೆ ಒಂದು ವರ್ಷ ಸಾಕು. ವಯಸ್ಸಾದವರದಕ್ಕೆ ಮೂರು ವರ್ಷ. ಕಲಿತ ಮೇಲೆ ಪಟ್ಟಿ ಮಾತಾಡುತ್ತದೆ, ಅವರ ಹಳೆಯ ದನಿಯನ್ನೇ ಹೋಲುವ ದನಿಯಲ್ಲಿ.

ಹಲಗೆಗೆ ಅಷ್ಟು ಆಯುಷ್ಯವಿಲ್ಲ. ಬೆವರು ಕುಡಿದು ನಾಲ್ಕು ವರ್ಷಕ್ಕೆ ಕೆಡುತ್ತದೆ. ಆಗ ಬೀಜವನ್ನು ಅಲ್ಲಿಂದ ಎಬ್ಬಿಸಿ ಹೊಸ ಹಲಗೆಗೆ ನಾಟಬೇಕು. ಅದು ನನ್ನ ಕೆಲಸ. ತಟ್ಟೆಗೆ ಕೂದಲೆಳೆಯಂಥ ನಾಲ್ಕು ಕಾಲುಗಳಿವೆ. ನೂರಾ ಮೂವತ್ತೆಂಟು ಡಿಗ್ರಿಗೇ ಕರಗುವ ಮೆತ್ತನೆಯ ತಂತಿಯಿಂದ ಒಂದೊಂದನ್ನೂ ಹಲಗೆಗೆ ಬೆಸೆಯಬೇಕು. ಸೋಲ್ಡರಿಂಗ್ ಕಡ್ಡಿಯ ತುದಿ ನೂರಾ ಅರವತ್ತರಲ್ಲಿರಬೇಕು, ಎರಡು ಎಣಿಸುವಷ್ಟರಲ್ಲಿ ಎತ್ತಿಬಿಡಬೇಕು. ಬಿಸಿ ಹೆಚ್ಚಾದರೆ ಅದು ಕಾಲು ಹತ್ತಿ ಬೀಜವನ್ನು ಮುಟ್ಟುತ್ತದೆ. ನಲವತ್ನಾಲ್ಕು ಡಿಗ್ರಿ ದಾಟಿತೋ, ಬೀಜ ಸಾಯುತ್ತದೆ. ಅದರೊಂದಿಗೆ ಕಲಿತ ಮಾತೆಲ್ಲ ಹೋಗುತ್ತದೆ.

ನನಗೆ ಈ ಕೈ ಬಂದದ್ದು ಹೊಲದಲ್ಲಿ. ಹನ್ನೊಂದನೇ ವಯಸ್ಸಿನಿಂದ ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಕೆಲಸ ಮಾಡಿದವಳು ನಾನು. ಹತ್ತಿಯ ಮೊಗ್ಗು ಬಿಡಿಸಿ, ಚಿಮಟದಿಂದ ಗಂಡು ಕೇಸರಗಳನ್ನಷ್ಟೇ ಕಿತ್ತು, ನಡುವಿನ ಹೆಣ್ಣು ಎಳೆಗೆ ಉಗುರು ತಾಗದಂತೆ ನೋಡಿಕೊಳ್ಳಬೇಕಿತ್ತು. ಮೂವತ್ತು ವರ್ಷ ಅದನ್ನೇ ಮಾಡಿದೆ. ಅಕ್ಷರ ಬಂದದ್ದು ನಲವತ್ತೊಂದರಲ್ಲಿ. ಹಾಗಾಗಿ ನಾನು ಬರೆಯುವುದು ನಿಧಾನ. ಓದುವವರು ತಾಳಿಕೊಳ್ಳಬೇಕು.

ಹೋದ ವರ್ಷ ಆಷಾಢದಲ್ಲಿ ಬೀಜದ ಕೆಲಸಕ್ಕೆಂದೇ ನನ್ನ ಮೇಜಿಗೆ ಹೊಸ ಸೋಲ್ಡರಿಂಗ್ ಸ್ಟೇಷನ್ ಬಂತು. ಸೂಜಿಯಂಥ ತುದಿ, ಬಾಳೆಹಣ್ಣಿನಷ್ಟು ಹಗುರಾದ ಹಿಡಿಕೆ, ಹಸಿರು ಅಂಕಿಗಳ ಪರದೆ. ಮೂರು ತಿಂಗಳಲ್ಲಿ ಹದಿನಾಲ್ಕು ಬೀಜ ನಾಟಿದೆ, ಹದಿನಾಲ್ಕೂ ಬದುಕಿದವು. ಮಹಾನವಮಿ ಕಳೆದ ಮೇಲಂತೂ ಬೆಸುಗೆ ತುಪ್ಪದಂತೆ ಹರಿಯತೊಡಗಿತು. ಮುಟ್ಟಿಸುವುದೇ ತಡ, ತಂತಿ ಕರಗಿ ಕಾಲಿನ ಸುತ್ತ ಹೊಳೆಯುವ ಉಂಗುರವಾಗಿ ಕೂರುತ್ತಿತ್ತು. ಈ ವಯಸ್ಸಿನಲ್ಲಿಯೂ ಕೈ ಇನ್ನಷ್ಟು ಹದಕ್ಕೆ ಬಂತಲ್ಲ ಎಂದು ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಅದೇ ವಾರ ಬ್ಯಾಡಗಿಯ ಒಬ್ಬ ಹುಡುಗಿಯ ಬೀಜ ಸತ್ತಿತು. ಹತ್ತು ದಿನದ ಮೇಲೆ ಗುಡ್ಡಪ್ಪನದು.

ಗುಡ್ಡಪ್ಪ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಲಿಲಾವು ಕೂಗುತ್ತಿದ್ದವನು. ಅವನು ಕೂಗಿದರೆ ರೈಲ್ವೆ ಸ್ಟೇಷನ್ ರಸ್ತೆಯವರೆಗೂ ರೇಟು ಕೇಳುತ್ತಿತ್ತು ಎಂದು ಜನ ನಗುತ್ತಿದ್ದರು. ಗಂಟಲಿಗೆ ಗಡ್ಡೆಯಾಗಿ ದನಿಪೆಟ್ಟಿಗೆ ತೆಗೆದರು. ಪಟ್ಟಿ ಕಟ್ಟಿ ಎಂಟು ವರ್ಷವಾಗಿತ್ತು. ಅಂದು ಹೊಸ ಹಲಗೆಯ ಪಟ್ಟಿ ಕೊರಳಿಗೆ ಕಟ್ಟಿಕೊಂಡು ಕಾಯುವ ಕೋಣೆಯಲ್ಲಿ ಕೂತು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಪಟ್ಟಿ ಉಸಿರೆತ್ತಲಿಲ್ಲ.

ಅವನ ಹೆಂಡತಿ ಕರಬಸವ್ವ ನನ್ನ ಮುಖ ನೋಡಿದಳು. "ಹೋತೇನಬೇ?"

ನಾನು ತಲೆ ಅಲ್ಲಾಡಿಸಿದೆ.

"ಮೂರು ವರ್ಷ ದಿನಾ ಎರಡು ತಾಸು ಇವನ ಮುಂದ ಕುಂತೀನಿ," ಎಂದಳು. ದನಿ ಏರಲಿಲ್ಲ. "ನನಗ ಓದಾಕ ಬರೂದಿಲ್ಲ. ಚಿತ್ರ ನೋಡಿ ಆಕಳ, ಆನಿ, ಕೊಡಾ ಅಂತ ಹೇಳಿ ಹೇಳಿ ಕಲಿಸೀನಿ. ಈಗ ಮತ್ತ ಆಕಳದಿಂದ ಸುರು ಮಾಡಬೇಕೇನು?"

ಗುಡ್ಡಪ್ಪ ಅವಳ ಸೆರಗು ಹಿಡಿದು ಎಳೆದ. ಇಬ್ಬರೂ ಹೋದರು. ಅವನು ನನ್ನತ್ತ ತಿರುಗಿಯೂ ನೋಡಲಿಲ್ಲ.

ಒಳಗೆ ಬಂದರೆ ನಮ್ಮ ಎಂಜಿನಿಯರ್ ಇಂಚರಾ ನನ್ನ ಸ್ಟೇಷನ್ನಿನ ಮುಂದೆ ನಿಂತಿದ್ದಳು. ತುಮಕೂರಿನ ಕಡೆಯವಳು, ಇಪ್ಪತ್ತೇಳು ವರ್ಷ, ಕೆಲಸದಲ್ಲಿ ಅಚ್ಚುಕಟ್ಟು.

"ಫಕ್ಕೀರವ್ವನವರೇ, ಎಲ್ಲಾ ನೋಡಿದೆ," ಅಂದಳು. "ಪರದೆಯಲ್ಲಿ ಕರೆಕ್ಟಾಗಿ ನೂರಾ ಅರವತ್ತೇ ಇದೆ, ಒಂದು ಡಿಗ್ರಿ ಆಚೀಚೆ ಆಗ್ತಿಲ್ಲ. ಟಿಪ್ ಬದಲಾಯಿಸಿದೆ. ಅರ್ತಿಂಗ್ ಸರಿ ಇದೆ. ಫ್ಯಾನ್ ಗಾಳಿ ಬೀಳ್ತಿದೆಯೇನೋ ಅಂತ ಅದನ್ನೂ ಆರಿಸಿ ನೋಡಿದೆ. ಬಿಸಿ ಅಳೆಯೋ ಮೀಟರಿನ ಮೇಲೂ ಅನುಮಾನ ಬಂದು ಅದನ್ನ ಹೋದ ವಾರವೇ ಪರೀಕ್ಷೆಗೆ ಕಳಿಸಿದೀನಿ, ಇನ್ನೂ ಬಂದಿಲ್ಲ."

ಮುಂದಿನದನ್ನು ಅವಳು ಹೇಳಲಿಲ್ಲ. ಪಕ್ಕದ ಮೇಜಿನ ಶಮೀಮ ಹೇಳಿದಳು. "ಅಂದ್ರ ಉಳದದ್ದು ಕೈ ಒಂದ ಅಂತೀರೇನ್ರಿ ಮೇಡಂ? ಆ ಕೈ ನೀವು ಹುಟ್ಟೂಕಿಂತ ಮೊದಲಿಂದ ಕೆಲಸ ಮಾಡಾಕತ್ತೈತಿ."

"ನಾನು ಹಾಗೆ ಅನ್ನಲಿಲ್ಲ ಶಮೀಮಕ್ಕ."

"ಅನ್ನಲಿಲ್ರಿ. ನೋಡಿದ್ರಿ."

ಇಂಚರಾಳ ತಪ್ಪಿರಲಿಲ್ಲ. ನಾನೂ ನನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದೆ.

ಮನೆಯಲ್ಲಿ ನಾನು, ನನ್ನ ತಂಗಿ ನೀಲವ್ವ. ಅವಳದು ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಗಿರಮಿಟ್ಟಿನ ಗಾಡಿ. ಸಂಜೆ ಅವಳು ಈರುಳ್ಳಿ ಹೆಚ್ಚುತ್ತಿದ್ದರೆ ನಾನು ಬಾಗಿಲಲ್ಲಿ ಕೂತು ಸಣ್ಣ ಸೂಜಿಗೆ ದಾರ ಪೋಣಿಸಿದೆ. ತೆಗೆದೆ, ಮತ್ತೆ ಪೋಣಿಸಿದೆ. ಎಂಟು ಸಲವೂ ಒಂದೇ ಏಟಿಗೆ ಹೋಯಿತು. ಆಮೇಲೆ ಕಾಗದ ತೆಗೆದು, ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಬೇಕು ಎಂದು ಬರೆದೆ.

ನೀಲವ್ವ ಇಣುಕಿ ನೋಡಿದಳು. "ಏನದು?"

"ರಾಜೀನಾಮಿ."

"ನಲವತ್ತೊಂದನೇ ವಯಸ್ಸಿನಾಗ ಮುಸುರಿ ತೊಳದಿಟ್ಟು ಓಡಿ ಓಡಿ ಅಕ್ಷರ ಕಲತದ್ದು ಇದನ್ನ ಬರಿಯಾಕೇನ?" ಎಂದಳು. "ನಿನ್ನ ಕೈ ನಡುಗತಿದ್ರ ಮೊದಲ ನನ್ನ ಚಾ ಚೆಲ್ಲತಿತ್ತು. ಇಪ್ಪತ್ತು ವರ್ಷಾತು, ಒಂದ ಹನಿ ಚೆಲ್ಲಿಲ್ಲ."

"ಎರಡು ಜನರ ಮಾತು ಹೋತಲ್ಲ ನೀಲಾ."

ಅವಳು ಈರುಳ್ಳಿಯ ನೆವದಲ್ಲಿ ಕಣ್ಣೊರೆಸಿಕೊಂಡಳು.

ಮರುದಿನ ಬೆಳಿಗ್ಗೆ ಕಾಗದ ಹಿಡಿದು ಹೋದೆ. ಕಾಯುವ ಕೋಣೆಯಲ್ಲಿ ತನುಜಾ ಅಕ್ಕೋರು ಕೂತಿದ್ದರು, ತೊಡೆಯ ಮೇಲೊಂದು ಪಾಟಿ.

ಅವರನ್ನು ಪರಿಚಯಿಸಬೇಕು. ನಾನು ನೈಟ್ ಸ್ಕೂಲಿಗೆ ಸೇರಿದಾಗ ನಮಗೆ ಕಲಿಸಲು ಬಂದ ಟೀಚರಿಗೆ ಇಪ್ಪತ್ತನಾಲ್ಕು ವರ್ಷ. ನನಗಿಂತ ಹದಿನೇಳು ವರ್ಷ ಚಿಕ್ಕವರು. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುವುದು ರೂಢಿ, ಹಾಗಾಗಿ ನಾನೂ ಅಕ್ಕೋರು ಎಂದೆ, ಅವರು ನಾಚಿದರು. ಹೊಲದ ಮಣ್ಣು ಮೆತ್ತಿದ ಬೆರಳಿಗೆ ಸೀಮೆಸುಣ್ಣ ಹಿಡಿಸಿದವರು ಅವರು. ಐದು ವರ್ಷದ ಹಿಂದೆ ಅವರ ಗಂಟಲನ್ನು ರೋಗ ತಿಂದಿತು. ಪಟ್ಟಿ ಕಟ್ಟಿಸಿಕೊಂಡು, ಬೀಜಕ್ಕೆ ಮಾತು ಕಲಿಸಿ, ಮತ್ತೆ ಶಾಲೆಗೆ ಹೋಗಿ ಗಣಿತ ಕಲಿಸುತ್ತಿದ್ದರು. ಅಂದು ಬೆಳಿಗ್ಗೆ ಶಾಲೆಯ ಎಂಟು ಗಂಟೆಯ ಪ್ರಾರ್ಥನೆಯ ಹೊತ್ತಿಗೆ ಅವರ ಹಲಗೆ ಕೆಟ್ಟಿತ್ತು.

ಹಲಗೆ ಕೆಟ್ಟರೆ ಬೀಜಕ್ಕೆ ಅನ್ನ ಉಣಿಸುವ ಪಂಪೂ ನಿಲ್ಲುತ್ತದೆ. ಇಂಚರಾ ಒಂಬತ್ತಕ್ಕೇ ಬೀಜವನ್ನು ಎಬ್ಬಿಸಿ ಪೋಷಕ ರಸದ ಪ್ಯಾಡಿನ ಮೇಲಿಟ್ಟಿದ್ದಳು. ಅಲ್ಲಿ ಅದು ಆರು ತಾಸು ಇರುತ್ತದೆ, ಅಲುಗಾಡಿಸುವಂತಿಲ್ಲ. ಬೇರೆ ಊರಿಗೆ ಒಯ್ಯುವ ಮಾತಂತೂ ಇಲ್ಲ. ಉಳಿದ ಮೇಜುಗಳ ಕಡ್ಡಿಗಳ ತುದಿ ದಪ್ಪ, ಆ ಕೂದಲು ಕಾಲಿಗೆ ಹೊಂದುವುದಿಲ್ಲ. ಮೂರು ಗಂಟೆಯೊಳಗೆ ನನ್ನ ಸ್ಟೇಷನ್ನಿನಲ್ಲೇ ಬೆಸುಗೆ ಆಗಬೇಕು. ಆಗದಿದ್ದರೆ ಅಕ್ಕೋರ ಮಾತು ಮುಗಿಯಿತು. ಆದರೂ ಮುಗಿಯಬಹುದು.

ಅಕ್ಕೋರು ನನ್ನನ್ನು ಕಂಡು ಪಾಟಿಯ ಮೇಲೆ ಬರೆದರು: "ನೀನು ಅದೀ ಅಂದ್ರ ನನಗ ಚಿಂತಿಲ್ಲ."

ರಾಜೀನಾಮೆಯನ್ನು ಮಡಚಿ ಚೀಲಕ್ಕಿಟ್ಟೆ. ಒಳಗೆ ಹೋಗಿ ಏಪ್ರನ್ ಕಟ್ಟಿಕೊಂಡೆ.

"ಇಂಚರಾ ಮೇಡಂ," ಎಂದೆ, "ತುದಿ ನಿಜವಾಗಿ ಎಷ್ಟು ಬಿಸಿ ಐತಿ ಅಂತ ನಮಗ್ಯಾರಿಗೂ ಗೊತ್ತಿಲ್ಲ."

"ಪರದೆ ಮೇಲಿದೆಯಲ್ಲ, ಫಕ್ಕೀರವ್ವನವರೇ."

"ಅದು ಮಷಿನ್ನು ತಾನ ಹೇಳಕೊಳ್ಳೂದು. ಅದನ್ನ ಕೇಳಿ ಅದ ಸರಿ ಐತಿ ಅಂದ್ರ ಹೆಂಗ?"

"ಮೀಟರ್ ಇಲ್ಲದೆ ಬೇರೆ ಹೇಗೆ ಅಳೆಯೋದು?"

ನನಗೆ ನೈಟ್ ಸ್ಕೂಲಿನ ಒಂದು ಪಾಠ ನೆನಪಾಯಿತು. ಅಕ್ಕೋರು ಜ್ಯೂಸ್ ಅಂಗಡಿಯಿಂದ ಟಿಫಿನ್ ಡಬ್ಬಿಯಲ್ಲಿ ಬರ್ಫ ತಂದು, ಥರ್ಮಾಮೀಟರ್ ಅದ್ದಿ, ನಮ್ಮೆಲ್ಲರ ಕೈಗೂ ಕೊಟ್ಟಿದ್ದರು. ಕರಗುವ ಬರ್ಫ ಸೊನ್ನೆಯಲ್ಲಿರುತ್ತದೆ ಎಂದು ಪುಸ್ತಕದಲ್ಲಿತ್ತು, ಕೊಳವೆ ಮಾತ್ರ ಎರಡು ತೋರಿಸುತ್ತಿತ್ತು. ಪುಸ್ತಕ ಸುಳ್ಳೇನ್ರಿ ಎಂದು ಯಾರೋ ಕೇಳಿದರು. ಅಕ್ಕೋರು ನಕ್ಕರು. "ಈ ಥರ್ಮಾಮೀಟರ್ ಸುಳ್ಳು. ಬರ್ಫ ಸೊನ್ನೆಗೇ ಕರಗತೈತಿ. ಅಳಿಯೂ ಸಾಮಾನಿನ ಮ್ಯಾಲೆ ಅನುಮಾನ ಬಂದ್ರ ಕರಗೂ ಸಾಮಾನನ್ನ ಕೇಳ್ರಿ," ಎಂದರು. ಆ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಮೂರು ಕಾಗುಣಿತ ತಪ್ಪಿನೊಂದಿಗೆ ಬರೆದುಕೊಂಡಿದ್ದೆ.

"ಶಮೀಮಾ," ಎಂದೆ, "ಹಳೇ ಆಂಪ್ಲಿಫಯರ್ ರಿಪೇರಿ ಮಾಡೂ ಸೀಸದ ತಂತಿ ಐತಲ್ಲ ನಿನ್ನ ಕಡೆ? ಅದು ಎಷ್ಟಕ್ಕ ಕರಗತೈತಿ?"

"ನೂರಾ ಎಂಬತ್ತಮೂರು," ಎಂದಳು ಇಂಚರಾ, ಅವಳಿಗಿಂತ ಮೊದಲೇ. ಕಣ್ಣುಗಳು ಅರಳಿದ್ದವು. "ತುದಿ ನಿಜವಾಗ್ಲೂ ನೂರಾ ಅರವತ್ತಿದ್ರೆ ಅದು ಕರಗಲೇಬಾರದು!"

"ಬರೇ ತವರ ಬೇಕು ಇನ್ನೊಂದು. ಅದರದೆಷ್ಟು?"

"ಇನ್ನೂರಾ ಮೂವತ್ತೆರಡು. ಆದ್ರೆ ಶುದ್ಧ ತವರ ನಮ್ಮ ಸ್ಟೋರಲ್ಲಿ ಇಲ್ಲ."

"ನಮ್ಮ ಮನ್ಯಾಗ ಐತ್ರಿ," ಎಂದಳು ಶಮೀಮ. ಅವಳ ತವರಿನವರು ತಲೆಮಾರಿನಿಂದ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವರು. "ನಮ್ಮ ಅಬ್ಬಾ ಬಿಟ್ಟು ಹೋದ ಕಲಾಯಿ ಗಟ್ಟಿ. ಅದರಾಗ ಸೀಸ ಒಂದು ಚೂರು ಇದ್ರ ಅಬ್ಬಾ ಗೋರಿಯಿಂದ ಎದ್ದು ಬರತಾನ." ಅವಳ ಮನೆ ಎರಡು ಓಣಿ ಆಚೆ. ಚಪ್ಪಲಿ ಮರೆತು ಓಡಿದಳು.

ಅವಳು ಬರುವಷ್ಟರಲ್ಲಿ ಸ್ಟೇಷನ್ ಹಚ್ಚಿ ನೂರಾ ಅರವತ್ತಕ್ಕೆ ಇಟ್ಟೆವು. ಹಸಿರು ಅಂಕಿ ಅಲ್ಲಾಡದೆ ನಿಂತಿತು. ಮೊದಲು ಬೀಜದ ಮೆತ್ತನೆಯ ತಂತಿ ಮುಟ್ಟಿಸಿದೆ. ಕರಗಿತು, ಕರಗಬೇಕಾದದ್ದೇ. ಆಮೇಲೆ ಸೀಸದ ತಂತಿ.

ಅದು ತಕ್ಷಣ ಹನಿಯಾಗಿ ಜಾರಿತು. ತುಪ್ಪದಂತೆ.

ಇಂಚರಾ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಶಮೀಮ ಏದುಸಿರು ಬಿಡುತ್ತ ತಂದ ಕಲಾಯಿ ಗಟ್ಟಿಯಿಂದ ಚೂರೊಂದನ್ನು ಕೆತ್ತಿ ತುದಿಯ ಮೇಲಿಟ್ಟೆ. ಅದು ಹಾಗೇ ಕೂತಿತು, ಮೂಲೆ ಕೂಡ ಮೆತ್ತಗಾಗಲಿಲ್ಲ.

"ಹಂಗಾರ ನೂರಾ ಎಂಬತ್ತಮೂರರ ಮ್ಯಾಲ ಐತಿ, ಇನ್ನೂರಾ ಮೂವತ್ತೆರಡರ ಕೆಳಗ ಐತಿ," ಎಂದೆ. "ನೂರಾ ಅರವತ್ತಂತೂ ಅಲ್ಲ."

"ಕೈ ಅಲ್ಲ ಅಂತ ನಾ ಹೇಳಿದ್ದಿಲ್ಲೇನ?" ಎಂದು ಶಮೀಮ ನನ್ನ ಬೆನ್ನಿಗೆ ಗುದ್ದಿದಳು. "ಮಷಿನ್ನ ಸುಳ್ಳ ಐತಿ!"

ಆ ಗುದ್ದಿನಿಂದ ನನಗೆ ಎಷ್ಟು ಹಗುರಾಯಿತೆಂದರೆ, ಒಂದು ಗಳಿಗೆ ಅಲ್ಲೇ ಕೂತು ಅತ್ತುಬಿಡೋಣ ಎನ್ನಿಸಿತು. ಹೊತ್ತಿರಲಿಲ್ಲ. ಸ್ಟೇಷನ್ ಆರಿಸಿ, ತಣಿಸಿ, ಹಿಡಿಕೆಯ ತಿರುಪು ಬಿಚ್ಚಿದೆವು.

ಇದರ ಒಳಗಿನ ಕಟ್ಟು ಸರಳ. ಬಿಸಿ ಮಾಡುವ ಸುರುಳಿ ತುದಿಯ ಸುತ್ತ ಇರುತ್ತದೆ. ನಡುವೆ ಬೆಂಕಿಕಡ್ಡಿಯಂಥ ಸೆನ್ಸರ್, ಅದರ ಮೂಗು ತುದಿಯ ಬೆನ್ನಿಗೆ ಒತ್ತಿಕೊಂಡಿರುತ್ತದೆ, ಬಾಲ ತಣ್ಣಗಿನ ಹಿಡಿಕೆಯತ್ತ ಇರುತ್ತದೆ. ಎಷ್ಟು ಬಿಸಿಯಾಯಿತೆಂದು ಮೂಗು ಹೇಳಿದ್ದನ್ನೇ ಸ್ಟೇಷನ್ ನಂಬುತ್ತದೆ. ತುದಿಯನ್ನಷ್ಟೇ ಬದಲಾಯಿಸಿದರೆ ಮೂಗು ಕತ್ತಲೆಯ ಕೊಳವೆಯ ತಳದಲ್ಲಿ ಕಾಣದೆ ಉಳಿಯುತ್ತದೆ.

ಇಂಚರಾ ಅದನ್ನು ಚಿಮಟದಿಂದ ಎಳೆದು ಬೆಳಕಿಗೆ ಹಿಡಿದಳು. ಮೂಗಿನ ಮೇಲೆ ಬಿಳಿಯ ಗಟ್ಟಿ ಪೊರೆ.

"ಏನಿದು? ಸುಣ್ಣ ಇದ್ದಂಗಿದೆ. ಕಂಪನಿಯವರು ಹಾಕಿರೋದಾ? ಅವರ ಮೇಲೆ ಕಂಪ್ಲೇಂಟ್ ಬರೀಬೇಕು..."

"ಬರೀಬ್ಯಾಡ್ರಿ," ಎಂದೆ. "ಅದು ವಿಭೂತಿ. ನಾನ ಹಚ್ಚಿದ್ದು."

ಮಹಾನವಮಿಯ ದಿನ ನಮ್ಮಲ್ಲಿ ಖಂಡೇಪೂಜೆ. ಎಲ್ಲರೂ ತಂತಮ್ಮ ಸಾಮಾನು ತೊಳೆದು, ಹಿಡಿಕೆಗೋ ಡಬ್ಬಿಗೋ ಕುಂಕುಮ ಇಟ್ಟು, ಹೂ ಏರಿಸಿ ಮುಗಿಸುತ್ತಾರೆ. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಆ ಸ್ಟೇಷನ್ ನನಗೆ ಹದಿನಾಲ್ಕು ಜನರ ಮಾತು ಕೊಟ್ಟಿತ್ತು. ಎತ್ತಿನ ಪೂಜೆ ಮಾಡುವವರು ಕೋಡಿಗಷ್ಟೇ ಬಣ್ಣ ಬಳಿದು ನೊಗ ಹೊತ್ತ ಹೆಗಲನ್ನು ಮುಟ್ಟದಿದ್ದರೆ ಹೇಗೆ? ದುಡಿಯುವುದು ಒಳಗಿನ ಭಾಗ, ವಿಭೂತಿ ಅದಕ್ಕೇ ಸಲ್ಲಬೇಕು ಎಂದುಕೊಂಡು ಪೂರ್ತಿ ಬಿಚ್ಚಿದೆ. ವಿಭೂತಿಯನ್ನು ನೀರಲ್ಲಿ ಕಲಸಿ ಪ್ರತಿ ಭಾಗಕ್ಕೂ ಹಚ್ಚಿ, ಕೈ ಮುಗಿದು, ಮತ್ತೆ ಜೋಡಿಸಿದೆ. ಹೊರಗಿನದೆಲ್ಲ ಒರೆಸಿ ಹೋಯಿತು. ಮೂಗಿನ ಮೇಲಿನದು ಉಳಿಯಿತು.

ಸುಟ್ಟು ಬೂದಿಯಾದದ್ದು ಮತ್ತೆ ಸುಡುವುದಿಲ್ಲ. ಬೂದಿಯ ಹೊದಿಕೆಯೊಳಗಿನ ಮೂಗಿಗೆ ಹೊರಗಿನ ಕಾವು ಅರ್ಧಂಬರ್ಧ ಮುಟ್ಟುತ್ತಿತ್ತು. ಕಂಬಳಿ ಹೊದ್ದು ಕೂತವನನ್ನು ಬಿಸಿಲು ಹೇಗಿದೆ ಎಂದು ಕೇಳಿದಂತೆ. ಸಾಲದು ಎಂದು ಅದು ಹೇಳಿದಾಗಲೆಲ್ಲ ಸ್ಟೇಷನ್ ಇನ್ನಷ್ಟು ಬೆಂಕಿ ತಳ್ಳುತ್ತಿತ್ತು. ಬೆಸುಗೆ ತುಪ್ಪದಂತೆ ಹರಿದದ್ದು ನನ್ನ ಕೈಯ ಹದದಿಂದ ಅಲ್ಲ. ಕೈ ಮುಗಿದು ಹಿಗ್ಗಿದ ಆ ವಾರವೇ ನಾನು ಆ ಹುಡುಗಿಯ ಮಾತು ಸುಟ್ಟಿದ್ದೆ.

ಇಂಚರಾ ಮೆಲ್ಲಗೆ ಹೇಳಿದಳು, "ನಾನೂ ಪರದೆ ನೋಡಿ ಸರಿ ಇದೆ ಅಂತ ಎರಡು ಸಲ ಸಹಿ ಹಾಕಿದೀನಿ. ಬಿಚ್ಚಿ ನೋಡಲಿಲ್ಲ. ನಿಮ್ಮ ಕೈ ಮೇಲೆ ಅನುಮಾನ ಪಟ್ಟೆ." ಆಮೇಲೆ ಪುಟ್ಟ ಬ್ರಶ್ಶು ತೆಗೆದುಕೊಂಡು ಆ ಮೂಗನ್ನು ತಾನೇ ಉಜ್ಜತೊಡಗಿದಳು.

ಜೋಡಿಸಿ ಮತ್ತೆ ಹಚ್ಚಿದಾಗ ಒಂದೂವರೆ. ನೂರಾ ಅರವತ್ತಕ್ಕಿಟ್ಟು ಮೆತ್ತನೆಯ ತಂತಿ ಮುಟ್ಟಿಸಿದೆವು, ಕರಗಿತು. ಸೀಸದ ತಂತಿ ಮುಟ್ಟಿಸಿದೆವು, ಕರಗಲಿಲ್ಲ. ಹತ್ತು ಎಣಿಸುವವರೆಗೆ ಒತ್ತಿ ಹಿಡಿದರೂ ಕರಗಲಿಲ್ಲ. ಇನ್ನೊಮ್ಮೆ ಮಾಡಿದೆವು. ಅದೇ.

ಆದರೆ ಬೀಜ ಮುಟ್ಟುವ ಮೊದಲು ನಾನು ಹೊರಗೆ ಹೋದೆ. ಅಕ್ಕೋರ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಬ್ಯಾಡಗಿಯ ಹುಡುಗಿಯನ್ನು, ಗುಡ್ಡಪ್ಪನನ್ನು, ವಿಭೂತಿಯನ್ನು. "ಶಮೀಮಂದು ಕೈ ಚಲೋ ಐತ್ರಿ ಅಕ್ಕೋರ. ಬೇಕಾದ್ರ ಆಕಿ ಮಾಡತಾಳ. ನೀವು ಹೇಳಿದಂಗ."

ಅಕ್ಕೋರ ಬಲಗೈ ಕೊರಳಿನ ಖಾಲಿ ಜಾಗವನ್ನು ಮುಟ್ಟಿಕೊಂಡಿತು. ಹೆದರಿದ್ದರು, ಅದು ನನಗೆ ಕಂಡಿತು. ಆಮೇಲೆ ಪಾಟಿಯ ಮೇಲೆ ಬರೆದು ತೋರಿಸಿದರು.

"ತಪ್ಪು ಎಲ್ಲಿ ಆತು ಅಂತ ಸಿಕ್ಕತೇನು?"

"ಸಿಕ್ಕತ್ರಿ."

ಒರೆಸಿ ಮತ್ತೆ ಬರೆದರು. "ಉತ್ತರಾ ತಾಳೆ ನೋಡಿದೇನು?"

"ಎರಡು ಸಲ ನೋಡೀನ್ರಿ."

ಮೂರನೆಯ ಸಲ ಬರೆದದ್ದು ಒಂದೇ ಸಾಲು. ಶಾಲೆಯ ಕರಿಹಲಗೆಯ ಮುಂದೆ ಲೆಕ್ಕ ತಪ್ಪಿ ನಿಂತ ನನಗೆ ಅವರು ಆ ಕಾಲದಲ್ಲಿ ಹೇಳುತ್ತಿದ್ದದ್ದೇ: "ಹಂಗಾರ ಇನ್ನೊಮ್ಮೆ ನೀನ ಮಾಡು."

ಮೊದಲನೆಯ ಕಾಲಿಗೆ ತುದಿ ಮುಟ್ಟಿಸಿದೆ. ಮೂರು ವಾರದಿಂದ ತುಪ್ಪಕ್ಕೆ ಒಗ್ಗಿದ್ದ ಕೈಗೆ ಈಗಿನ ಬೆಸುಗೆ ಚಳಿಗಾಲದ ಬೆಲ್ಲದ ಪಾಕದಂತೆ ಮಂದವಾಗಿತ್ತು. ಒಂದು ಎಣಿಸಿದೆ, ತಂತಿ ಹಾಗೇ ಇದೆ. ಇನ್ನಷ್ಟು ಹಿಡಿ ಎನ್ನುತ್ತಿತ್ತು ಬೆರಳು. ಎರಡು ಎನ್ನುವಾಗ ಅದು ಬಾಗಿ, ಮಸುಕಾಗಿ, ಕಾಲನ್ನು ತಬ್ಬಿತು. ಎತ್ತಿ ಬಿಟ್ಟೆ. ಎರಡನೆಯದು. ಮೂರನೆಯದು. ಪಕ್ಕದಲ್ಲಿ ಶಮೀಮ ತುಟಿಯೊಳಗೇ ಏನೋ ಪ್ರಾರ್ಥಿಸುತ್ತಿದ್ದಳು, ಇಂಚರಾ ನನ್ನ ಜೊತೆ ಜೋರಾಗಿ ಎಣಿಸುತ್ತಿದ್ದಳು. ನಾಲ್ಕನೆಯದು ಮುಗಿದಾಗ ಮೂವರಿಗೂ ಬೆವರು.

ನಾಟಿದ ಬೀಜ ಎಚ್ಚರವಾಗಲು ಮುಕ್ಕಾಲು ತಾಸು ಬೇಕು. ನಾವು ಚಹಾ ತರಿಸಿದೆವು, ಯಾರೂ ಕುಡಿಯಲಿಲ್ಲ. ಆಮೇಲೆ ಅಕ್ಕೋರ ಕೊರಳಿಗೆ ಪಟ್ಟಿ ಕಟ್ಟಿದೆ. ಕೊಂಡಿ ಹಾಕುವಾಗ ಅವರ ಕುತ್ತಿಗೆಯ ನಾಡಿ ನನ್ನ ಬೆರಳಿಗೆ ಬಡಿಯುತ್ತಿತ್ತು.

ಅಕ್ಕೋರು ತುಟಿ ಆಡಿಸಿದರು. ಏನೂ ಇಲ್ಲ. ಇನ್ನೊಮ್ಮೆ ಆಡಿಸಿದರು. ಪಟ್ಟಿಯಲ್ಲಿ ಗರಗರ ಸದ್ದು. ಆಮೇಲೆ, ನನಗೆ ಅಕ್ಷರ ಕಲಿಸಿದ ಆ ದನಿ ಒರಟಾಗಿ, ತಡೆತಡೆದು ಬಂತು.

"ಏಳ ಒಂದಲೆ ಏಳು. ಏಳ ಎರಡಲೆ ಹದಿನಾಲ್ಕು."

ಎಲ್ಲ ಮಾತೂ ಇದೆಯೇ ಎಂದು ನೋಡಿಕೊಳ್ಳಲು ಗಣಿತದ ಟೀಚರು ಮಗ್ಗಿ ಹೇಳುತ್ತಿದ್ದರು. ಒಂದೊಂದು ಸಾಲಿಗೂ ದನಿ ತಿಳಿಯಾಗುತ್ತ ಹೋಯಿತು. ಏಳೇಳಲೆ ಎಂದು ನಿಂತು, ಹುಬ್ಬೇರಿಸಿ ನನ್ನತ್ತ ನೋಡಿದರು. ಆ ಸಾಲಿನಲ್ಲಿ ನಾನು ಯಾವಾಗಲೂ ಎಡವುತ್ತಿದ್ದವಳು.

"ನಲವತ್ತೊಂಬತ್ರಿ," ಎಂದೆ ಅಳುತ್ತ.

"ಇಪ್ಪತ್ತೆಂಟು ವರ್ಷ ಬೇಕಾತಲ್ಲೇ ನಿನಗ," ಎಂದರು ಅಕ್ಕೋರು. ಶಮೀಮ ನಕ್ಕ ನಗೆಗೆ ಮೇಜಿನ ಮೇಲಿನ ಚಹಾ ಅಲುಗಾಡಿತು. "ಮುಂದಿನ ವರ್ಷ ವಿಭೂತಿ ನಿನ್ನ ಹಣಿಗಷ್ಟ ಹಚ್ಚಿಕೋಬೇ, ಯಕ್ಕಾ," ಎಂದಳು.

ಈಗ ನಮ್ಮಲ್ಲಿ ಪ್ರತಿ ಮೇಜಿನ ಮೇಲೂ ಮೂರು ತಂತಿ ಇವೆ. ದಿನದ ಕೆಲಸ ಶುರುವಾಗುವ ಮೊದಲು ಕರಗುವುದನ್ನು, ಕರಗದಿರುವುದನ್ನು ನೋಡಿ ಬರೆದಿಡುತ್ತೇವೆ. ಬ್ಯಾಡಗಿಯ ಹುಡುಗಿ ಎಳೆಯವಳು, ಅವಳ ಹೊಸ ಬೀಜ ಬೇಗ ಕಲಿಯುತ್ತಿದೆ. ಭಾನುವಾರಕ್ಕೊಮ್ಮೆ ಇಂಚರಾ ಹೋಗಿ ಅವಳೆದುರು ಕೂತು ಓದಿ ಬರುತ್ತಾಳೆ. ಯಾರೂ ಅವಳಿಗೆ ಹೋಗೆಂದು ಹೇಳಲಿಲ್ಲ.

ಗುಡ್ಡಪ್ಪನ ಮನೆಗೆ ನಾನು, ಅಕ್ಕೋರಿಗೆ ಮಾತು ಬಂದ ಮರುದಿನವೇ, ಹೋದೆ. ಹೇಳಬೇಕಾದದ್ದನ್ನು ನಿಂತೇ ಹೇಳಿದೆ. ಅವನು ಗೋಡೆಯತ್ತ ಹೊರಳಿ ಮಲಗಿದ. ಕರಬಸವ್ವ ಹಿತ್ತಲಿಗೆ ಹೋಗಿ, ಬಟ್ಟೆಗಳನ್ನು ಒಗೆಯುವ ಕಲ್ಲಿಗೆ ಒಂದೇ ಸಮ ಬಡಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಕೊನೆಗೆ ಬಂದು ಕೈ ಒರೆಸಿಕೊಂಡು ಹೇಳಿದಳು:

"ನಿನಗ ಓದಾಕ ಬರತೈತಲ್ಲ?"

"ಬರತೈತಿ."

"ಹೊಸಾ ಬೀಜಾ ಬಂದ ಮ್ಯಾಲ ದಿನಾ ಸಂಜೀಕ ಬಾ. ನನಗ ಮತ್ತ ಮೂರು ವರ್ಷ ಕುಂದ್ರಾಕ ಸೊಂಟಾ ಇಲ್ಲ. ಆಕಳದಿಂದ ಸುರು ಮಾಡು."

ಬೈದಿದ್ದರೆ ನಾನು ಕೇಳಿಸಿಕೊಂಡು ಮನೆಗೆ ಹೋಗುತ್ತಿದ್ದೆ. ಅವಳು ನನಗೆ ಕೂರಲು ಒಂದು ಜಾಗ ಕೊಟ್ಟಳು. ಹೊಸ ಬೀಜ ಬಂದಾಗ ಅದನ್ನು ಹಲಗೆಗೆ ನಾಟಿದವಳು ಶಮೀಮ. ನಾನು ದಿನವೂ ಐದೂವರೆಗೆ ಹೋಗಿ ಗುಡ್ಡಪ್ಪನ ಎದುರು ಕೂತೆ. ಮೊದಲ ಒಂಬತ್ತು ದಿನ ಅವನು ತುಟಿ ಬಿಚ್ಚಲಿಲ್ಲ. ನಾನು ಓದುತ್ತಲೇ ಇದ್ದೆ. ಆಕಳು, ಆನೆ, ಇಲಿ, ಈಚಲು. ಹತ್ತನೆಯ ದಿನ 'ಜೋಳ' ಎಂದಾಗ ಅವನ ತುಟಿ ತಡೆಯಲಾಗದೆ ಮಿಡಿಯಿತು. ಯಾರ್ಡಿನ ಪದ ಅದು. ಅಂದಿನಿಂದ ನಾನು ಮೆಕ್ಕೆಜೋಳದ ಕ್ವಿಂಟಾಲ್ ರೇಟುಗಳನ್ನೇ ಓದಿದೆ. ಅವನು ಮೂಕವಾಗಿ ಕೂಗಿದ, ಕೊರಳ ನರ ಉಬ್ಬಿಸಿ, ಕೈ ಬೀಸಿ. ಕರಬಸವ್ವ ಒಲೆಯ ಮುಂದೆ ಕೂತು ಅದನ್ನು ನೋಡುತ್ತ ರೊಟ್ಟಿ ಸೀಯಿಸಿದಳು.

ಐದು ತಿಂಗಳಾಯಿತು. ನಿನ್ನೆ ಸಂಜೆ ನಾನು ಕನ್ನಡಕ ಹುಡುಕುತ್ತ ತಡ ಮಾಡಿದೆ. ಚೀಲದಲ್ಲಿ ನೋಡಿದೆ, ಕಿಟಕಿಯಲ್ಲಿ ನೋಡಿದೆ. ಗುಡ್ಡಪ್ಪ ಬೇಸತ್ತು ನನ್ನನ್ನು ನೋಡುತ್ತಿದ್ದ. ಕನ್ನಡಕ ನನ್ನ ತಲೆಯ ಮೇಲೇ ಇತ್ತು. ಅವನ ತುಟಿ ಆಡಿತು. ಪಟ್ಟಿಯೊಳಗೆ ಗರಗರ ಎಂದಿತು. ಯಾವ ಪುಸ್ತಕದಲ್ಲೂ ನಾನು ಓದಿ ಕಲಿಸದ ಒಂದು ಪದ, ಒಡಕು ದನಿಯಲ್ಲಿ, ಆದರೆ ಬೀದಿಯವರೆಗೂ ಕೇಳುವಂತೆ ಹೊರಬಂತು.

"ಮುದುಕಿ!"

ಕರಬಸವ್ವನ ಕೈಯಲ್ಲಿದ್ದ ರೊಟ್ಟಿ ಬೂದಿಯಲ್ಲಿ ಬಿತ್ತು. ಗುಡ್ಡಪ್ಪ ತಾನೇ ಬೆಚ್ಚಿಬಿದ್ದು ಕೊರಳು ಮುಟ್ಟಿಕೊಂಡ. ನಾನು ಎದ್ದು ಅವನಿಗೆ ಎರಡೂ ಕೈ ಮುಗಿದೆ.

"ಇನ್ನೊಮ್ಮೆ ಅನ್ನಪ್ಪಾ," ಎಂದೆ.

ಅವನು ಅಂದ.